ತೋರಿಸುವ ಕೇಕು, ತಿನ್ನುವ ಕೇಕು

2009ರ ಜೂನ್ 14, ಭಾನುವಾರ, ಬೆಳಿಗ್ಗೆ 6 ಗಂಟೆ 40 ನಿಮಿಷ. ಮನೆಯಲ್ಲಿ ಯಾರೂ ಎದ್ದಿಲ್ಲ. ಬರೆಯಲು ಕುಳಿತಿದ್ದೇನೆ.

ನಾನು ನಿವೃತ್ತ ಎಂದರೆ ಜನ ಮೊದಲು ನನ್ನ ತಲೆಗೂದಲು ನೋಡುತ್ತಾರೆ. ನನಗೀಗ ಮೂವತ್ತನಾಲ್ಕು. 1992ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ನಂಜನಗೂಡಿನ ಶಿವಣ್ಣನವರ ಬೇಕರಿಗೆ ಸೇರಿದೆ. ಕಳೆದ ವರ್ಷ ಮೈಸೂರಿನ ಡಾಕ್ಟರೊಬ್ಬರು ನನ್ನ ಎದೆ ಪರೀಕ್ಷಿಸಿ, "ಇನ್ನು ಮೈದಾ ಹಿಟ್ಟಿನ ಹತ್ತಿರ ಸುಳಿಯಬೇಡಿ" ಎಂದರು. ಹಿಟ್ಟಿನ ದೂಳು ನನಗೆ ಆಗುವುದಿಲ್ಲವಂತೆ. ಹದಿನಾರು ವರ್ಷ ಅದರಲ್ಲೇ ಮಿಂದ ಮೇಲೆ ತಿಳಿದ ಸಂಗತಿ ಇದು. ಈಗ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಅಲ್ಲಿಯೂ ದೂಳಿದೆ, ಕಪ್ಪು ಬಣ್ಣದ್ದು. ಸದ್ಯಕ್ಕೆ ಒಗ್ಗುತ್ತಿದೆ.

ಬೇಕರಿ ಕೆಲಸಕ್ಕೆ ಸೇರುವ ಹುಡುಗರು ಜೆರಾಕ್ಸ್ ಮಾಡಿಸಲು ಬಂದಾಗ ಕೇಳುತ್ತಾರೆ: ಮಾಸ್ಟರ್ ಆಗಲು ಎಷ್ಟು ವರ್ಷ ಬೇಕು, ಸಂಬಳ ಯಾವಾಗ ಏರುತ್ತದೆ ಎಂದು. ಅದನ್ನು ಅವರವರ ಮಾಲೀಕರು ಹೇಳಲಿ. ಕೆಲಸ ನಿಜಕ್ಕೂ ಹೇಗಿತ್ತು ಎಂಬುದನ್ನು ಮಾತ್ರ ನಾನು ಬರೆಯುತ್ತೇನೆ. ನನಗೆ ದಿನಚರಿಯ ಅಭ್ಯಾಸವಿದೆ. ದಿನಕ್ಕೆ ಎಷ್ಟು ಬನ್ನು ಬೆಂದಿತು, ಎಷ್ಟು ಕರಿಕಾಯಿತು ಎಂದು ಬರೆದಿಡುತ್ತಿದ್ದೆ. ಮೊದಲ ತಿಂಗಳು ನನ್ನ ಕೈಯಲ್ಲಿ ಕರಿಕಾದ ಬನ್ನು ಇನ್ನೂರ ಹದಿನಾಲ್ಕು, ಎರಡನೇ ತಿಂಗಳು ತೊಂಬತ್ತೊಂದು. ಕೆಲಸ ಕಲಿತಿದ್ದೇನೆ ಎಂದು ನಂಬಲು ನನಗಿದ್ದ ಆಧಾರ ಅದೊಂದೇ.

ನನಗೆ ಕಲಿಸಿದವರು ತಾಂಡವಪುರದ ಮಾದಪ್ಪ ಮಾಸ್ಟರ್. ಅಂಗಡಿಯ ಹಿಂಬದಿಯಲ್ಲಿ ಭಟ್ಟಿಯಿತ್ತು, ಅಂದರೆ ಆಳುದ್ದದ ಇಟ್ಟಿಗೆ ಗೂಡು. ಮಧ್ಯಾಹ್ನ ಅದರೊಳಗೆ ಸೌದೆ ಉರಿಸಬೇಕು. ಕೆಂಡವನ್ನು ಹೊರಗೆಳೆದು, ಉದ್ದನೆಯ ಕೋಲಿಗೆ ಒದ್ದೆ ಗೋಣಿ ಕಟ್ಟಿ ಒಳನೆಲ ಒರೆಸಬೇಕು. ಉಳಿದ ಕಾವಿನಲ್ಲೇ ಎಲ್ಲವನ್ನೂ ಬೇಯಿಸಬೇಕು: ಮೊದಲು ಬನ್ನು, ಆಮೇಲೆ ಬ್ರೆಡ್ಡು, ಕಾವು ಇಳಿದ ಮೇಲೆ ಕೇಕು, ಕೊನೆಗೆ ರಸ್ಕು. ಕಾವು ಅಳೆಯುವ ಸಾಧನವೇನೂ ಇರಲಿಲ್ಲ. ಮಾಸ್ಟರ್ ಒಂದು ಚಿಟಿಕೆ ಮೈದಾ ಒಳಗೆಸೆದು, ಅದು ಕೆಂಪಗಾಗುವುದನ್ನು ನೋಡಿ ಹೇಳುತ್ತಿದ್ದರು. ನಾನು ಗೋಡೆ ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದೆ.

"ಏನ್ಲಾ ನಾಗ, ಅದೇನ್ ಗೀಚ್ಕೋತಿದ್ದೀಯ?"

"ಹಿಟ್ಟು ಎಷ್ಟೊತ್ತಿಗೆ ಕೆಂಪಗಾಯ್ತು ಅಂತ, ಮಾಸ್ಟ್ರೇ."

"ನಿನ್ ನೋಡಿ ನನ್ ಮುಖಾನೂ ಕೆಂಪಗಾಯ್ತಾ ಅದೆ. ಅದ್ನೂ ಬರ್ಕೋ."

ಬರೆದುಕೊಂಡಿದ್ದೇನೆ. ಇಂಥ ಮೇಲಿನವರ ಕೈಕೆಳಗೆ ದುಡಿದವರಿಗೆ ಮುಂದೆ ಯಾವ ಬೈಗುಳವೂ ಹೊಸದೆನಿಸುವುದಿಲ್ಲ.

ಆಕಾರದ ಕೇಕುಗಳ ಆರ್ಡರು ಬರತೊಡಗಿದ್ದು 1996ರ ಸುಮಾರಿಗೆ. ಹೆಡತಲೆಯ ಒಂದು ಮನೆಯವರು ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬಸವನ ಆಕಾರದ ಕೇಕು ಬೇಕೆಂದರು. ಮಾಸ್ಟರ್ ಎರಡು ದಿನ ಕೂತು ಮಾಡಿದರು. ಕೊಂಬು, ಗಂಗೆದೊಗಲು, ಕೊರಳಲ್ಲಿ ಗಂಟೆ, ಹಣೆಯಲ್ಲಿ ವಿಭೂತಿ, ಯಾವುದಕ್ಕೂ ಕೊರತೆಯಿಲ್ಲ. ನಾನು ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಮೇಣದಬತ್ತಿ ಹಚ್ಚಿ, ಮಗುವಿನ ಕೈಗೆ ಚಾಕು ಕೊಟ್ಟರು. ಅಷ್ಟರಲ್ಲಿ ಮಗುವಿನ ಅಜ್ಜಿ ಎದ್ದು ನಿಂತರು.

"ಯಾರ್ಲಾ ಅದು ಬಸವಪ್ಪನ ಕತ್ತಿಗೆ ಚಾಕು ಇಕ್ಕೋನು?"

"ಅವ್ವ, ಅದು ಕೇಕು."

"ಕೇಕೋ ಗೀಕೋ. ಇಬೂತಿ ಅದೆ, ಗಂಟೆ ಅದೆ. ಇಳಿಸ್ಲಾ ಚಾಕುವ!"

ಚಾಕು ಇಳಿಯಿತು. ಆರತಿ ತಟ್ಟೆ ಬಂತು. ಕೇಕು ದೇವರ ಮನೆ ಸೇರಿತು. ಮೂರನೇ ದಿನ ಮನೆಯ ಯಜಮಾನರು ಅಂಗಡಿಗೆ ಬಂದು ಗುಟ್ಟಾಗಿ ಕೇಳಿದರು: "ಸಾ, ಇರುವೆ ಮುತ್ಕೊಂಡವೆ. ತಿನ್ನಂಗಿಲ್ಲ, ಬಿಸಾಕಂಗಿಲ್ಲ. ಏನ್ ಮಾಡಾನ?" ಕೊನೆಗೆ ಬಾಳೆಲೆ ಹಾಸಿದ ಮೊರದಲ್ಲಿಟ್ಟುಕೊಂಡು ಅದೇ ಬಸ್ಸಿನಲ್ಲಿ ನಂಜನಗೂಡಿಗೆ ತಂದು ಕಪಿಲೆಗೆ ಬಿಟ್ಟರು. ಬಸ್ಸಿನಲ್ಲಿ ಒಬ್ಬರು ಎದ್ದು ಅದಕ್ಕೆ ಸೀಟು ಬಿಟ್ಟುಕೊಟ್ಟರಂತೆ. ಅಂದಿನಿಂದ ಮಾಸ್ಟರ್ ಒಂದು ನಿಯಮ ಮಾಡಿದರು: ಕತ್ತರಿಸಲು ಮನಸ್ಸು ಬಾರದ್ದನ್ನು ಕೇಕು ಮಾಡಬಾರದು.

ಅವರ ಇನ್ನೊಂದು ನಿಯಮ ಗಾಜಿನ ಕಪಾಟಿನದು. ಬೇಕರಿಯ ಮುಂದಿನ ಕಪಾಟಿನಲ್ಲಿ ಗುಲಾಬಿ ಹೂವು, ಹಸಿರು ಎಲೆ ಹೊತ್ತು ನಿಂತಿರುವ ಮೂರಂತಸ್ತಿನ ಕೇಕನ್ನು ನೀವು ನೋಡಿರುತ್ತೀರಿ. ಅದು ಕೇಕಲ್ಲ, ಡಮ್ಮಿ. ಒಳಗಿರುವುದು ಥರ್ಮಕೋಲು, ಮೇಲೆ ವನಸ್ಪತಿ ಮತ್ತು ಸಕ್ಕರೆ ಪುಡಿಯ ಐಸಿಂಗು. ಆರು ತಿಂಗಳಾದರೂ ಕೆಡುವುದಿಲ್ಲ. ಸೇರಿದ ವಾರದಲ್ಲೇ ಮಾಸ್ಟರ್ ನನಗೆ ಹೇಳಿದ್ದರು: "ತೋರ್ಸಾಕೆ ಅಂದ್ರೆ ಡಮ್ಮಿ. ತಿನ್ನಾಕೆ ಅಂದ್ರೆ ಕೇಕು. ಎರಡ್ನೂ ಬೆರೆಸ್ಬ್ಯಾಡ. ಬೆರೆಸ್ದೋನು ಉದ್ಧಾರ ಆಗಿಲ್ಲ." ನಮ್ಮ ಕಸುಬಿನಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಇದೇ ಕಾರಣ.

2003ರ ಮಳೆಗಾಲ ಮುಗಿಯುವ ಹೊತ್ತು. ಬೇಕರಿಯಿದ್ದ ಕಟ್ಟಡದ ಒಡತಿ ಗೌರಮ್ಮನವರು ಮೇಲಿನ ಮನೆಯಲ್ಲೇ ಇದ್ದರು. ಅವರು ಸೀರೆ ಒಣಗಿಸುವ ತಾರಸಿಗೂ ನಮ್ಮ ಭಟ್ಟಿಯ ಚಿಮಣಿಗೂ ನಡುವೆ ಇದ್ದದ್ದು ಒಂದು ಮಾರು ಜಾಗ. ಒಂದು ದಿನ ಕೆಳಗಿಳಿದು ಬಂದು, ಒಂದು ರೇಷ್ಮೆ ಸೀರೆಯನ್ನು ಶಿವಣ್ಣನವರ ಮೂಗಿಗೇ ಹಿಡಿದರು.

"ಮೂಸು."

ಶಿವಣ್ಣ ಮೂಸಿದರು.

"ಏನ್ ವಾಸ್ನೆ?"

"ಸೌದೇದು, ಅಮ್ಮಾ."

"ಮೊನ್ನೆ ಮದ್ವೆ ಮನೇಲಿ ಪಕ್ಕದಲ್ಲಿ ಕೂತಿದ್ದೋಳು, 'ಗೌರಮ್ಮಾರೇ, ಬನ್ ತಂದಿದ್ದೀರಾ' ಅಂತ ಕೇಳ್ತಾಳೆ ಕಣಪ್ಪಾ! ಇಷ್ಟು ವರ್ಷ ತಡ್ಕೊಂಡೆ. ದೀಪಾವಳಿ ಒಳಗೆ ಕರೆಂಟ್ ಒಲೆ ತತ್ತಾ. ಇಲ್ಲ ಅಂದ್ರೆ ಅಂಗ್ಡಿ ಖಾಲಿ ಮಾಡು."

ಗೌರಮ್ಮನವರು ಆಡಿದ ಮಾತು ತಪ್ಪುವವರಲ್ಲ. ಕರೆಂಟ್ ಓವನ್ನು ಕೊಳ್ಳುವ ಶಕ್ತಿ ಶಿವಣ್ಣನವರಿಗಿರಲಿಲ್ಲ. ಬೇರೆ ಕಡೆ ಅಂಗಡಿ ಸಿಕ್ಕರೂ ಭಟ್ಟಿಯನ್ನು ಕಿತ್ತು ಒಯ್ಯಲಾಗುವುದಿಲ್ಲ. ಅಂಗಡಿ ಮುಚ್ಚಿದರೆ ನಾವು ಐದು ಜನ ಬೀದಿಗೆ. ಆ ವಾರ ಬನ್ನು ಯಾವತ್ತಿಗಿಂತ ಹೆಚ್ಚು ಕರಿಕಾಯಿತು.

ಅದೇ ವಾರ ಟೀವಿಯವರು ಬಂದರು. ಒಂದು ವಾಹಿನಿಯವರು ಊರೂರಿನ ಕೇಕ್ ಮಾಸ್ಟರುಗಳನ್ನು ಸೇರಿಸಿ ಸಿಹಿತಿಂಡಿ ಸ್ಪರ್ಧೆ ನಡೆಸುತ್ತಿದ್ದರು. ನಮ್ಮ ಕಡೆಯದು ಟಿ. ನರಸೀಪುರದ ಒಂದು ಕಲ್ಯಾಣ ಮಂಟಪದಲ್ಲಿ. ನಮ್ಮ ಎದುರಾಳಿ ಅಲ್ಲಿನ ಜವರಪ್ಪ ಮಾಸ್ಟರ್. ಆತ ಒಂದು ಕಾಲಕ್ಕೆ ನಮ್ಮ ಮಾಸ್ಟರ ಹತ್ತಿರವೇ ಕಲಿತು, ಜಗಳವಾಡಿ ಹೋದವನು. ಗೆದ್ದವರಿಗೆ ಒಂದು ದೊಡ್ಡ ಕರೆಂಟ್ ಓವನ್ನು.

ಇದನ್ನು ಕೇಳಿ ಶಿವಣ್ಣ ಗಲ್ಲಾಪೆಟ್ಟಿಗೆಯ ಮೇಲಿದ್ದ ನಂಜುಂಡೇಶ್ವರನ ಫೋಟೋಗೆ ಅಲ್ಲೇ ಕೈಮುಗಿದರು.

ಕಾರ್ಯಕ್ರಮದ ಡೈರೆಕ್ಟರು ಕಿರಣ್ ಎಂಬ ಹುಡುಗ. ಕೊರಳಲ್ಲಿ ಎರಡು ಮೊಬೈಲು ನೇತುಹಾಕಿಕೊಂಡಿದ್ದ. ಅವನು ವಿವರಿಸಿದ: "ವೇದಿಕೆ ಮೇಲೆ ಎರಡು ಗಂಟೆ ನೀವು ಮಾಡ್ತಾ ಇರಿ, ಅದನ್ನ ಶೂಟ್ ಮಾಡ್ತೀವಿ. ಆದರೆ ಪೂರ್ತಿ ರೆಡಿ ಆಗಿರೋದು ಒಂದನ್ನ ಮನೆಯಿಂದಲೇ ಮಾಡ್ಕೊಂಡು ಬನ್ನಿ. ಕೊನೇಲಿ ತೋರಿಸೋದಕ್ಕೆ. ಲೈಟಿನ ಶಾಖಕ್ಕೆ ಕರಗಬಾರದು, ನೋಡ್ಕೊಳ್ಳಿ."

"ತೋರ್ಸೋಕೆ ತಾನೆ?" ಎಂದರು ಮಾಸ್ಟರ್.

"ಹೌದು ಸಾರ್, ತೋರಿಸೋಕೆ."

"ಕರಗಾಕಿಲ್ಲ ಬುಡಿ. ಆರು ತಿಂಗ್ಳಾದ್ರೂ ಕರಗಾಕಿಲ್ಲ."

ಕಿರಣನಿಗೆ ಬಹಳ ಖುಷಿಯಾಯಿತು. ಯಾರಿಗೂ ಏನೂ ಅನುಮಾನ ಬರಲಿಲ್ಲ. ನನಗೂ ಬರಲಿಲ್ಲ. ಅಂದಿನ ದಿನಚರಿಯಲ್ಲಿ "ಥರ್ಮಕೋಲು ಮೂರು ಹಾಳೆ ತಂದೆ" ಎಂದಷ್ಟೇ ಇದೆ.

ವಿಷಯ "ನಿಮ್ಮ ಸೀಮೆಯ ಹೆಮ್ಮೆ" ಎಂದು ಕೊಟ್ಟಿದ್ದರು. ಮಾಸ್ಟರ್ ತಮ್ಮ ನಿಯಮದಂತೆ ಕತ್ತರಿಸಬಹುದಾದದ್ದನ್ನೇ ಆರಿಸಿಕೊಂಡರು: ರಸಬಾಳೆ ಗೊನೆ. ಥರ್ಮಕೋಲನ್ನು ಬಾಳೆಹಣ್ಣಿನಂತೆ ಕೊರೆದು, ಹಳದಿ ಐಸಿಂಗು ಮೆತ್ತಿ, ತುದಿಗೆ ಕಪ್ಪು ಚುಕ್ಕೆಯಿಟ್ಟರು. ದಾರಿಯಲ್ಲಿ ಹೋಗುವ ಹಸುವೊಂದು ಕಪಾಟಿನ ಗಾಜನ್ನು ನೆಕ್ಕಿತು. ಅದನ್ನು ನಾವು ಶುಭಶಕುನವೆಂದು ತಿಳಿದೆವು.

ಹೊರಡುವ ಬೆಳಿಗ್ಗೆ ಗೌರಮ್ಮನವರು ರೇಷ್ಮೆ ಸೀರೆಯುಟ್ಟು ಟೆಂಪೋದ ಮುಂದಿನ ಸೀಟಿನಲ್ಲಿ ಕೂತಿದ್ದರು. ತೊಡೆಯ ಮೇಲೆ ಸ್ಟೀಲಿನ ಡಬ್ಬಿ. "ನೀವು ಗೆಲ್ತೀರೋ ಸೋಲ್ತೀರೋ ನಾನೇ ಕಣ್ಣಾರೆ ನೋಡ್ತೀನಿ. ಆಮೇಲೆ ನೆಪ ಹೇಳ್ಬಾರ್ದು. ದಾರಿಗೆ ಕಜ್ಜಾಯ ಮಾಡ್ಕೊಂಡಿದ್ದೀನಿ, ನಿಮ್ಗಲ್ಲ."

ಮಂಟಪದಲ್ಲಿ ನಮಗೆ ಬಿಳಿ ಕೋಟು, ಒಂದೊಂದು ಮೊಳ ಎತ್ತರದ ಟೋಪಿ ಕೊಟ್ಟರು. ಮದುಮಕ್ಕಳು ಕೂರುವ ಕಡೆ ಮೇಜು ಹಾಕಿದ್ದರು. ಅಲ್ಲಿ ನಮ್ಮ ಕೆಲಸಕ್ಕೆಂದು ಎರಡು ಸಣ್ಣ ಓವನ್ನು. ನಡುವೆ ಕೆಂಪು ರಿಬ್ಬನ್ನು ಕಟ್ಟಿದ, ಕನ್ನಡಿಯಂತೆ ಹೊಳೆಯುವ ಬಹುಮಾನದ ಓವನ್ನು. ಗೌರಮ್ಮನವರು ಮೊದಲ ಸಾಲಿನಲ್ಲಿ ಕೂತು ಅದರ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

ಜವರಪ್ಪ ನಮ್ಮ ಮಾಸ್ಟರನ್ನು ಟೋಪಿಯಲ್ಲಿ ನೋಡಿ ನಕ್ಕ. "ಏನ್ ಮಾಸ್ಟ್ರೇ, ಅದ್ನ ತಲೆ ಮ್ಯಾಲೆ ಮಡಿಕಂಡು ಭಟ್ಟಿ ಒಳಕ್ಕೆ ಬಗ್ತೀರಾ?"

"ನೀನು ಬಗ್ಗೋದ್ ಕಲ್ತಿದ್ರೆ ಇಲ್ಲಿಗ್ಯಾಕ್ಲಾ ಬತ್ತಿದ್ದೆ" ಎಂದರು ಮಾಸ್ಟರ್.

ಶೂಟಿಂಗ್ ಶುರುವಾಯಿತು. ಮೊಟ್ಟೆ ಒಡೆದೆವು, ಸಕ್ಕರೆ ಬೀಸಿದೆವು, ಹಿಟ್ಟು ಕಲಸಿ ಓವನ್ನಿನೊಳಗಿಟ್ಟು ಸ್ವಿಚ್ಚು ಹಾಕಿದೆವು. ಮಂಟಪದ ದೀಪಗಳೆಲ್ಲ ಆರಿಹೋದವು. ಫ್ಯೂಸು ಹಾಕಿ ದೀಪ ಬೆಳಗಿಸಿದರೆ ಓವನ್ನು ಆರುತ್ತಿತ್ತು, ಓವನ್ನು ಹಚ್ಚಿದರೆ ದೀಪ ಆರುತ್ತಿತ್ತು. ಎರಡಕ್ಕೂ ಸಾಲುವಷ್ಟು ಕರೆಂಟು ಅಲ್ಲಿರಲಿಲ್ಲ. ಮೂರು ಸಲ ಹೀಗಾದ ಮೇಲೆ ಕಿರಣ್ ಯೋಚಿಸಿ ಹೇಳಿದ: "ಓವನ್ ಬೇಡ. ಲೈಟ್ ಇರಲಿ. ಬೇಯ್ತಾ ಇದೆ ಅಂತ ನೀವು ಮುಖದಲ್ಲಿ ತೋರಿಸಿ."

ನಾವು ಎರಡು ಗಂಟೆ ಮುಖದಲ್ಲಿ ತೋರಿಸಿದೆವು. ಜವರಪ್ಪ ಆಗಾಗ ತಣ್ಣನೆಯ ಓವನ್ನಿನ ಬಾಗಿಲು ತೆರೆದು, ಶಾಖ ತಾಗಿದಂತೆ ಹಿಂದೆ ಸರಿಯುತ್ತಿದ್ದ. ಅದನ್ನು ನೋಡಿ ನಮ್ಮ ಮಾಸ್ಟರೂ ಹಣೆ ಒರೆಸಿಕೊಳ್ಳತೊಡಗಿದರು.

ಕೊನೆಗೆ ತೀರ್ಪುಗಾರರು ಬಂದರು. ದೊಡ್ಡ ಹೋಟೆಲೊಂದರ ಪೇಸ್ಟ್ರಿ ಶೆಫ್, ಸೌಮ್ಯ ಸ್ವಭಾವದವರು. ರಸಬಾಳೆ ಗೊನೆಯನ್ನು ಸುತ್ತ ತಿರುಗಿ ನೋಡಿ ತಲೆದೂಗಿದರು. ಆಮೇಲೆ ಚಾಕು ತೆಗೆದುಕೊಂಡರು.

ಮಾಸ್ಟರ್ ಗಾಬರಿಯಾದರು. "ಸಾ, ಸಾ! ಅದು ತೋರ್ಸೋದು ಸಾ!"

ಕ್ಯಾಮೆರಾ ಓಡುತ್ತಿದ್ದುದರಿಂದ ಶೆಫ್ ನಿಲ್ಲಿಸಲಿಲ್ಲ. ಚಾಕು ಇಳಿಯಿತು. ಥರ್ಮಕೋಲು ಕೊಯ್ಯುವ ಸದ್ದು ನಿಮಗೆ ಗೊತ್ತಿರುತ್ತದೆ. ಮೈಕು ಹತ್ತಿರದಲ್ಲೇ ಇದ್ದುದರಿಂದ ಅದು ಇಡೀ ಮಂಟಪಕ್ಕೆ ಕೇಳಿಸಿತು. ಮೊದಲ ಸಾಲಿನವರು ಹಲ್ಲು ಕಚ್ಚಿಕೊಂಡರು. ಬಿಳಿ ಉಂಡೆಗಳು ಹಾರಿ ಶೆಫ್ ಅವರ ಮೀಸೆಗೆ ಅಂಟಿದವು.

"ಇದೇನಿದು?" ಎಂದು ಕಿರಣ್ ಕಿರುಚಿದ.

"ಡಮ್ಮಿ" ಎಂದರು ಮಾಸ್ಟರ್. "ತೋರ್ಸೋಕೆ ಅಂದ್ರಲ್ಲ ನೀವು. ತಿನ್ನೋಕೆ ಅಂದ್ರಾ?"

ಜವರಪ್ಪ ಬಿದ್ದು ಬಿದ್ದು ನಗುತ್ತಿದ್ದ. ಶೆಫ್ ಅವನ ಮೇಜಿನ ಕಡೆ ತಿರುಗಿದೊಡನೆ ನಗು ನಿಂತಿತು. ಅವನು ಮಾಡಿದ್ದು ಸೋಮನಾಥಪುರದ ದೇವಸ್ಥಾನ, ಮೂರು ಗೋಪುರ ಸಮೇತ. ಎರಡೂ ಕೈ ಅಡ್ಡ ಚಾಚಿ ನಿಂತ. "ಬ್ಯಾಡ ಸಾ. ದೇವಸ್ಥಾನ ಕುಯ್ಬಾರ್ದು ಸಾ. ಪಾಪ ಬತ್ತದೆ."

"ಪಾಪ ಅಲ್ಲ ಕಣ್ಲಾ, ಥರ್ಮಕೋಲು ಬತ್ತದೆ" ಎಂದರು ನಮ್ಮ ಮಾಸ್ಟರ್. ಅವರು ಕಲಿಸಿದ ಶಿಷ್ಯನಲ್ಲವೇ. ಶೆಫ್ ಗೋಪುರದ ಬುಡವನ್ನು ಬೆರಳಿನಿಂದ ತಟ್ಟಿದರು. ಅದೂ ಥರ್ಮಕೋಲೇ.

ತಿನ್ನುವ ಕೇಕು ಎರಡೂ ಓವನ್ನಿನಲ್ಲಿ ಹಸಿ ಹಿಟ್ಟಾಗಿಯೇ ಕೂತಿತ್ತು. ಕಿರಣ್ ತಲೆ ಮೇಲೆ ಕೈ ಹೊತ್ತುಕೊಂಡ. ಮಂಟಪವನ್ನು ಸಂಜೆ ಒಂದು ನಿಶ್ಚಿತಾರ್ಥಕ್ಕೆ ಬಿಟ್ಟುಕೊಡಬೇಕಿತ್ತು. "ಸಾರ್ ಬಾಯಿಗೆ ಏನಾದ್ರೂ ಹಾಕ್ಕೊಳ್ಳೋ ಶಾಟ್ ಬೇಕೇ ಬೇಕು. ಕಂದು ಬಣ್ಣದ್ದು ಏನಾದ್ರೂ ಇದ್ಯಾ?" ಎಂದು ಸಭೆಯ ಕಡೆ ತಿರುಗಿ ಕೂಗಿದ.

ಗೌರಮ್ಮನವರು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು, ಅವರಿಗೆ ಹಸಿವಾಗಿತ್ತು. ಕ್ಯಾಮೆರಾದವನು ಬಗ್ಗಿ ನೋಡಿ, "ಇದು ಮ್ಯಾಚ್ ಆಗುತ್ತೆ ಸಾರ್" ಎಂದ.

ಒಂದು ಕಜ್ಜಾಯವನ್ನು ಚೌಕವಾಗಿ ಕತ್ತರಿಸಿ, ಮೇಲೆ ನಮ್ಮ ಹಳದಿ ಐಸಿಂಗು ಸವರಿ ಶೆಫ್‌ಗೆ ಕೊಟ್ಟರು. ಅವರು ಕಣ್ಣು ಮುಚ್ಚಿ ಅಗಿದರು. ನಟನೆಯಲ್ಲ. ಇನ್ನೊಂದು ಕೇಳಿದರು. ಒಂಬತ್ತು ಅಂಕ ಕೊಟ್ಟರು. ಬಳಿಕ ಅದೇ ಡಬ್ಬಿಯಿಂದ ಇನ್ನೊಂದು ಕಜ್ಜಾಯ ತೆಗೆದು, ಜವರಪ್ಪನ ಬಿಳಿ ಐಸಿಂಗು ಸವರಿ ಕೊಟ್ಟರು. ಶೆಫ್ ಅಗಿದು, ಸ್ವಲ್ಪ ಯೋಚಿಸಿ, ಏಳೂವರೆ ಎಂದರು.

ಜವರಪ್ಪ ಟೋಪಿ ಕಿತ್ತು ನೆಲಕ್ಕೆ ಹಾಕಿದ. "ಇದ್ಯಾವ ನ್ಯಾಯ ಕಣ್ರೀ! ಒಂದೇ ಡಬ್ಬಿ, ಒಂದೇ ಕಜ್ಜಾಯ! ನಂದ್ಕೆ ಯಾಕೆ ಕಮ್ಮಿ?"

ಉತ್ತರ ಕೊಟ್ಟವರು ಗೌರಮ್ಮ. "ಅವ್ರು ಸರಿಯಾಗೇ ಹೇಳಿದ್ದಾರೆ ಕಣಪ್ಪಾ. ನಿನ್ಗೆ ಬಂದಿದ್ದು ಕೊನೇ ಬಾಣಲೀದು. ಒಂಚೂರು ಸೀದಿತ್ತು."

ಶೆಫ್ ಎದ್ದು ಅವರಿಗೆ ಕೈಮುಗಿದರು.

ಹೀಗೆ ಓವನ್ನು ನಮ್ಮದಾಯಿತು. ಸಾಗಿಸಲು ನಾಲ್ಕು ಜನ ಬೇಕಾದೀತೆಂದು ತೋಳು ಮಡಿಸಿ ನಿಂತೆವು. ಮಾಸ್ಟರ್ ಒಂದು ಮೂಲೆ ಹಿಡಿದು ಎತ್ತಿದರು, ಇಡೀ ಓವನ್ನು ಎದ್ದಿತು. "ಏನ್ಲಾ ಇದು, ಇಷ್ಟ್ ಅಗುರ?" ಎಂದರು. ಹೊಸ ಮಾದರಿಯಿರಬೇಕು ಎಂದರು ಶಿವಣ್ಣ. ದಾರಿಯುದ್ದಕ್ಕೂ ಗೌರಮ್ಮನವರು ಟೆಂಪೋ ಡ್ರೈವರಿಗೆ ಅದನ್ನು ತಾವು ಗೆದ್ದ ಬಗೆಯನ್ನು ವಿವರಿಸಿದರು. ನಂಜನಗೂಡು ತಲುಪುವ ಹೊತ್ತಿಗೆ ಸ್ಪರ್ಧೆಯಲ್ಲಿ ನಾವ್ಯಾರೂ ಇರಲಿಲ್ಲ.

ಅಂಗಡಿಯಲ್ಲಿಳಿಸಿ ವೈರು ಹುಡುಕಿದೆವು. ಇರಲಿಲ್ಲ. ಬಾಗಿಲು ತೆರೆದೆವು. ಒಳಗೆ ಬಿಸಿ ಮಾಡುವ ಕಾಯಿಲ್ ಇಲ್ಲ, ತಟ್ಟೆಯಿಲ್ಲ. ಪ್ಲೈವುಡ್ಡಿನ ಚೌಕಟ್ಟು, ಅದರ ಮೇಲೆ ಬೆಳ್ಳಿ ಕಾಗದ. ಶಿವಣ್ಣ ಕಿರಣನಿಗೆ ಫೋನು ಮಾಡಿದರು. "ಅದು ಡಿಸ್‌ಪ್ಲೇ ಪೀಸ್ ಸಾರ್, ಸ್ಟೇಜಲ್ಲಿ ತೋರಿಸೋಕೆ. ಒರಿಜಿನಲ್ ಆಮೇಲೆ ಬರುತ್ತೆ" ಎಂದ. ಅದು ಬರಲಿಲ್ಲ, ಸ್ವಲ್ಪ ದಿನಕ್ಕೆ ಅವನ ಫೋನೂ ಸಿಗಲಿಲ್ಲ. ಮಾಸ್ಟರ್ ಮಾತ್ರ ಕೋಪಿಸಿಕೊಳ್ಳಲಿಲ್ಲ. ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. "ತೋರ್ಸಾಕೆ ಇಟ್ಟಿದ್ರು, ಡಮ್ಮಿ ಇಟ್ಟಿದ್ರು. ಕಸ್ಬು ಗೊತ್ತಿರೋ ಜನ" ಎಂದರು.

ದೀಪಾವಳಿಗೆ ಒಂಬತ್ತು ದಿನವಿತ್ತು.

ಮರುದಿನ ಬೆಳಿಗ್ಗೆ ಗೌರಮ್ಮನವರು ಅರಿಸಿನ, ಕುಂಕುಮ, ತೆಂಗಿನಕಾಯಿ ಹಿಡಿದು ಓವನ್ನಿಗೆ ಪೂಜೆ ಮಾಡಲು ಬಂದರು. ಗೌರಮ್ಮ ಹೂವಿಟ್ಟರು, ಬಾಗಿಲು ತೆರೆದರು. ಬಗ್ಗಿ ಒಳಗೆ ನೋಡಿದರು. ಕೈ ಹಾಕಿ ಬೆಳ್ಳಿ ಕಾಗದವನ್ನು ಮುಟ್ಟಿದರು, ಅದು ಸರಬರ ಎಂದಿತು.

"ಇದ್ಕೆ ಕರೆಂಟ್ ಎಷ್ಟು ಎಳೀತದೆ?" ಎಂದು ಕೇಳಿದರು.

ಮಾಸ್ಟರ್ ಹೇಳಿದರು: "ಏನೂ ಎಳ್ಯಾಕಿಲ್ಲ ಕಣವ್ವಾ."

ಅಷ್ಟರಲ್ಲಿ ಬೀದಿಯ ಆರೇಳು ಹೆಂಗಸರು ಬಾಗಿಲಲ್ಲಿ ನೆರೆದಿದ್ದರು. ಹಿಂದಿನ ದಿನವೇ ಗೌರಮ್ಮನವರು ಎಲ್ಲರ ಮನೆಗೂ ಹೋಗಿ, ತಮ್ಮ ಕಜ್ಜಾಯಕ್ಕೆ ಟೀವಿಯವರು ಓವನ್ನು ಕೊಟ್ಟ ಸುದ್ದಿ ಹೇಳಿ ಬಂದಿದ್ದರು. ಒಬ್ಬಾಕೆ ಒಳಗೆ ಬಂದು, "ಎಲ್ಲಿ, ನೋಡಾನ" ಎಂದು ಬಾಗಿಲ ಹಿಡಿಗೆ ಕೈ ಚಾಚಿದಳು.

ಗೌರಮ್ಮನವರು ಟಪ್ಪೆಂದು ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತರು.

"ಮುಟ್ಬೇಡ್ವೇ! ಬಿಸಿ ಅದೆ!"

ಮಧ್ಯಾಹ್ನ ಎಂದಿನಂತೆ ಭಟ್ಟಿ ಉರಿಸಲೇಬೇಕಾಯಿತು. ಚಿಮಣಿಯಿಂದ ಕರ್ರನೆಯ ಹೊಗೆ ಎದ್ದಿತು. ಎದುರು ಮನೆಯಾಕೆ ಜಗುಲಿಯಿಂದ ಕೂಗಿದಳು: "ಗೌರಮ್ಮಾರೇ, ಕರೆಂಟ್ ಒಲೆ ಅಂದ್ರಿ, ಹೊಗೆ ಬತ್ತಾ ಅದಲ್ಲಾ?" ಗೌರಮ್ಮನವರು ತಾರಸಿಯ ಮೇಲೆ ಸೀರೆಗಳನ್ನು ತೆಗೆದುಕೊಳ್ಳುತ್ತಿದ್ದರು. ಅಲ್ಲಿಂದಲೇ ಉತ್ತರ ಬಂತು: "ಹೊಸ್ದು ಕಣೇ! ಹೊಸದ್ರಲ್ಲಿ ಎಲ್ಲಾನೂ ಹಂಗೇಯ!" ಅಂದು ಸಂಜೆಯೇ ಆಳು ಕರೆಸಿ ಒಣಗುವ ತಂತಿಯನ್ನು ಕಟ್ಟಡದ ಮುಂಭಾಗಕ್ಕೆ ಕಟ್ಟಿಸಿಕೊಂಡರು. ದೀಪಾವಳಿ ಬಂತು, ಹೋಯಿತು. ಖಾಲಿ ಮಾಡುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಬೇಕರಿ ಇಂದಿಗೂ ಅಲ್ಲೇ ಇದೆ, ಭಟ್ಟಿಯೂ ಇದೆ. ಓವನ್ನು ಮುಂಬದಿಯಲ್ಲಿ ನಿಂತಿದೆ, ಪ್ರತಿ ಶುಕ್ರವಾರ ಅದಕ್ಕೆ ಹೂವು.

ಈ ಸ್ಪರ್ಧೆ ಟೀವಿಯಲ್ಲಿ ಬಂದದ್ದನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ಬರುತ್ತದೆಂದು ಹೇಳಿದ್ದ ಭಾನುವಾರ ಸಂಜೆ ನಂಜನಗೂಡಿನಲ್ಲಿ ಕರೆಂಟಿರಲಿಲ್ಲ. ಅದು ಬರಲೇ ಇಲ್ಲ ಎಂದು ಜವರಪ್ಪ ಹೇಳುತ್ತಾನೆ, ಆದರೆ ಅವನ ಮಾತು ಬೇರೆ. ಗೌರಮ್ಮನವರಿಗೆ ಈಗ ಕಣ್ಣು ಮಂಜಾಗಿದೆ. ನನ್ನ ಜೆರಾಕ್ಸ್ ಅಂಗಡಿಗೆ ಬಂದಾಗಲೆಲ್ಲ ಒಂದೇ ಮಾತು ಕೇಳುತ್ತಾರೆ: ಶೆಫ್ ಕೈಮುಗಿದದ್ದನ್ನು ಟೀವಿಯವರು ಇಟ್ಟರೋ, ಕತ್ತರಿಸಿದರೋ ಎಂದು. ಅದನ್ನು ಕಂಡವರು, ಕಂಡವರನ್ನು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಈ ಪತ್ರಿಕೆಗೆ ಬರೆದರೂ ನನಗೆ ತಲುಪುತ್ತದೆ. ಗಟ್ಟಿಯಾಗಿ ಓದಿ ಅವರಿಗೆ ಹೇಳುತ್ತೇನೆ.